ಮಂಜುಗಡ್ಡೆಯಡಿಯ ಲೆಕ್ಕ

ಸಮುದ್ರದಲ್ಲಿ ತಿಮಿಂಗಿಲಗಳೆಷ್ಟಿವೆ? ಉಸಿರಾಡಲು ಅವು ಮೇಲೆ ಬರಲೇಬೇಕು, ಆಗ ಎಣಿಸಿದರಾಯಿತು ಎನ್ನಬಹುದು. ಅಲಾಸ್ಕಾದ ಉತ್ತರ ತುದಿಯಲ್ಲಿ ಈ ಸರಳ ಲೆಕ್ಕವೇ ಒಮ್ಮೆ ತಪ್ಪಿತು.

ಅಲ್ಲಿನ ಬ್ಯಾರೋ ಊರಿನ (2016ರಿಂದ ಇದರ ಹೆಸರು ಉತ್ಕಿಯಾಗ್ವಿಕ್) ಮುಂದೆ ಪ್ರತಿ ವಸಂತದಲ್ಲಿ ಬೋಹೆಡ್ ತಿಮಿಂಗಿಲಗಳು ಸಾಗುತ್ತವೆ. ಇವುಗಳ ದೇಹದ ಮೂರನೆಯ ಒಂದು ಭಾಗ ತಲೆಯೇ. ಬಾಯಲ್ಲಿ ಹಲ್ಲಿಲ್ಲ, ಆಹಾರ ಸೋಸುವ ಜಾಲರಿಯಂತಹ ಪಟ್ಟಿಗಳಿವೆ. ಆ ಪಟ್ಟಿಗಾಗಿ, ಎಣ್ಣೆಗಾಗಿ 1848ರಿಂದ ಬೇರಿಂಗ್ ಜಲಸಂಧಿ ದಾಟಿ ಬಂದ ಅಮೆರಿಕದ ಬೇಟೆ ಹಡಗುಗಳು ಸಾವಿರಾರು ಬೋಹೆಡ್‌ಗಳನ್ನು ಕೊಂದವು.

ಉಳಿದಿರುವುದು ಎರಡು ಸಾವಿರಕ್ಕೂ ಕಡಿಮೆ ಎಂಬ ಅಂದಾಜಿನ ಮೇಲೆ 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಸ್ಥಳೀಯ ಇನುಪಿಯಾಟ್ ಜನರ ಬೇಟೆಯನ್ನೂ ನಿಷೇಧಿಸಿತು. ತಿಮಿಂಗಿಲವೇ ಅವರ ಅನ್ನ. 'ನಿಮ್ಮ ಲೆಕ್ಕ ತಪ್ಪು' ಎಂದರು ಅವರು. ಮಂಜುಗಡ್ಡೆಯ ಅಂಚಿನಲ್ಲಿ ಕುಳಿತವರಿಗೆ ಕಾಣುವುದು ಬಿರುಕಿನ ತೆರೆದ ನೀರಿನಲ್ಲಿ ಸಾಗುವವು ಮಾತ್ರ. ಗಡ್ಡೆಯಡಿಯಲ್ಲೇ ಈಜಿ, ತಲೆಯಿಂದ ಅದನ್ನು ಒಡೆದು ಉಸಿರಾಡುವವು ಲೆಕ್ಕಕ್ಕೆ ಸಿಗುವುದೇ ಇಲ್ಲ ಎಂಬುದು ಅವರ ವಾದ.

ಮಾತು ನಿಜವೇ? ಪರೀಕ್ಷಿಸಲು ವಿಜ್ಞಾನಿಗಳು ನೀರಿಗೆ ಹೈಡ್ರೋಫೋನುಗಳನ್ನು ಇಳಿಬಿಟ್ಟರು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ತಿಮಿಂಗಿಲದ ಒಂದೇ ಕೂಗು ಬೇರೆ ಬೇರೆ ಹೈಡ್ರೋಫೋನುಗಳನ್ನು ಬೇರೆ ಬೇರೆ ಕ್ಷಣದಲ್ಲಿ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಕೂಗಿದ ಜಾಗ ತಿಳಿಯುತ್ತದೆ. ಕಣ್ಣಿಗೆ ಕಾಣದ ಕಡೆಯಿಂದಲೂ ಕೂಗು ಕೇಳಿಬಂತು! ಬೇಟೆಗಾರರು ಹೇಳಿದ್ದೇ ಸರಿಯಾಗಿತ್ತು. ಮಿತಿಯೊಳಗಿನ ಬೇಟೆ ನಡೆದೂ ಸಂತತಿ ಬೆಳೆಯಿತು. 2011ರ ಗಣತಿಯಲ್ಲಿ ಅವುಗಳ ಸಂಖ್ಯೆ ಸುಮಾರು 17,000.

2007ರಲ್ಲಿ ಬೇಟೆಯಾದ ಒಂದು ಬೋಹೆಡ್‌ನ ಮೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಸಿಡಿಭರ್ಜಿಯ ಚೂರು ಸಿಕ್ಕಿತು. ಹಡಗುಗಳ ಕಾಲದಲ್ಲಿ ಗಾಯಗೊಂಡೂ ಬದುಕಿ ನೂರು ವರ್ಷ ದಾಟಿದ ಪ್ರಾಣಿ ಅದು.

ಈಗ ಸಾವಿನ ರೂಪ ಬದಲಾಗುತ್ತಿದೆ. ಮಂಜುಗಡ್ಡೆ ಕರಗಿ ದಾರಿ ತೆರೆದುಕೊಂಡಂತೆ ಓರ್ಕಾಗಳು ಉತ್ತರಕ್ಕೆ ಬರುತ್ತಿವೆ. ಈ ತೀರದಲ್ಲಿ ಸಿಕ್ಕ ಹಲವು ಬೋಹೆಡ್ ಶವಗಳ ಮೇಲೆ ಅವುಗಳ ಹಲ್ಲಿನ ಗುರುತಿದೆ. ಬೋಹೆಡ್‌ಗೆ ಆಸರೆಯಾಗಿದ್ದ ಗಡ್ಡೆ ಹಿಂದೆ ಸರಿಯುತ್ತಿದೆ. ಎಣಿಸುವವರು ನಿಲ್ಲುವುದೂ ಅದೇ ಗಡ್ಡೆಯ ಮೇಲೆ. ಅದು ತೆಳುವಾದಷ್ಟೂ ತಿಮಿಂಗಿಲಗಳ ಲೆಕ್ಕ ಇನ್ನಷ್ಟು ಕಷ್ಟ.