ಹಗುರಾದ ಮೈಗೆ ತೆತ್ತ ಬೆಲೆ

ಅಮೆರಿಕದ ಜಿಮ್ನಾಸ್ಟಿಕ್ಸ್ ಎಂದರೆ ನಮ್ಮ ಮನೆಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಟಿ.ವಿ.ಯಲ್ಲಿ ಕಾಣುವ ಬೆರಗು. ಬಿಲ್ಲಿನಂತೆ ಬಾಗುವ ಮೈ, ಗಾಳಿಯಲ್ಲಿ ಎರಡು ಮೂರು ಸುತ್ತು, ಕೊನೆಗೊಂದು ನಗು. ಆ ನಗುವಿಗಾಗಿ ಮೈ ಏನೇನು ಸಹಿಸಿದೆ ಎಂಬುದು ಕ್ಯಾಮೆರಾಕ್ಕೆ ಕಾಣದು.

ಮಿಸೌರಿ ರಾಜ್ಯದ ಕ್ರಿಸ್ಟಿ ಹೆನ್ರಿಚ್‌ಳ ಎತ್ತರ 4 ಅಡಿ 10 ಅಂಗುಲ. 1989ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಸಮಾನ ಬಾರ್‌ಗಳ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದವಳು. ಅದರ ಹಿಂದಿನ ವರ್ಷ ತೀರ್ಪುಗಾರರೊಬ್ಬರು, ಒಲಿಂಪಿಕ್ ತಂಡ ಸೇರಬೇಕಾದರೆ ತೂಕ ಇಳಿಸು ಎಂದು ಅವಳಿಗೆ ಹೇಳಿದ್ದರೆಂದು ಪತ್ರಿಕೆಗಳು ವರದಿ ಮಾಡಿದ್ದವು. ಹುಡುಗಿ ಊಟ ಬಿಡತೊಡಗಿದಳು. ಅದು ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆಯಾಗಿ ಬೆಳೆಯಿತು. ಒಂದು ಹಂತದಲ್ಲಿ ಅವಳ ತೂಕ 21 ಕಿಲೋಗೆ ಇಳಿದಿತ್ತು. 1994ರ ಜುಲೈನಲ್ಲಿ, 22ನೇ ವಯಸ್ಸಿನಲ್ಲಿ, ಹಲವು ಅಂಗಗಳು ಕೆಲಸ ನಿಲ್ಲಿಸಿ ತೀರಿಕೊಂಡಳು. ಒಂದು ಮಾತೇ ಅವಳನ್ನು ಕೊಂದಿತು ಎನ್ನಲಾಗದು, ಇಂಥ ಕಾಯಿಲೆಗೆ ಕಾರಣ ಒಂದಲ್ಲ. ಆದರೆ ಅಂಥ ಮಾತು ಯಾರಿಗೂ ತಪ್ಪೆಂದು ತೋರದ ವಾತಾವರಣ ಅಲ್ಲಿತ್ತು.

ತಿಂದದ್ದಕ್ಕಿಂತ ಖರ್ಚಾಗುವ ಶಕ್ತಿ ಹೆಚ್ಚಾದಾಗ ದೇಹವೂ ಸಂಸಾರಸ್ಥರಂತೆ ಖರ್ಚು ಹಿಡಿಯುತ್ತದೆ. ತತ್ಕಾಲಕ್ಕೆ ಬೇಡವೆನಿಸುವ ಕೆಲಸಗಳನ್ನು ಮೊದಲು ನಿಲ್ಲಿಸುತ್ತದೆ. ಮಿದುಳಿನ ಹೈಪೊಥಲಾಮಸ್‌ನಿಂದ ಹೊರಡುವ ಸೂಚನೆ ಕುಗ್ಗಿ ಈಸ್ಟ್ರೋಜೆನ್ ಇಳಿಯುತ್ತದೆ. ಮೈನೆರೆಯುವುದು ತಡವಾಗುತ್ತದೆ, ಇಲ್ಲವೇ ಬರುತ್ತಿದ್ದ ಮುಟ್ಟು ನಿಲ್ಲುತ್ತದೆ. ಬದುಕಿಗೆಲ್ಲ ಬೇಕಾದ ಮೂಳೆಯ ಬಹುಭಾಗ ಕೂಡಿಕೊಳ್ಳುವುದು ಹದಿಹರೆಯದಲ್ಲೇ, ಅದಕ್ಕೆ ಈಸ್ಟ್ರೋಜೆನ್ ಬೇಕು. ಜಿಗಿತದ ಹೊಡೆತದಿಂದ ಈ ಹುಡುಗಿಯರ ಮೂಳೆ ಒಂದಿಷ್ಟು ಗಟ್ಟಿಯಾಗುವುದೂ ನಿಜ. ಹಾಗಾಗಿಯೇ ಒಳಗಿನ ನಷ್ಟ ಬೇಗ ಬಯಲಾಗುವುದಿಲ್ಲ. ಆಹಾರದ ಕೊರತೆ, ನಿಂತ ಮುಟ್ಟು, ಸೊರಗಿದ ಮೂಳೆ, ಈ ಮೂರರ ನಂಟಿಗೆ ಅಮೆರಿಕದ ತಜ್ಞರು ಹೆಸರು ಕೊಟ್ಟದ್ದು 1992ರಲ್ಲಿ. ಇದರ ಜೊತೆಗೆ ಮೈಭಾರವೆಲ್ಲ ಕೈಮೇಲೆ ಬಿದ್ದು ಮಣಿಕಟ್ಟಿನ ಬೆಳೆಯುವ ಮೂಳೆಯ ತುದಿಗೆ ಆಗುವ ಪೆಟ್ಟು, ಬೆನ್ನನ್ನು ಹಿಂದಕ್ಕೆ ಬಾಗಿಸಿ ಬಾಗಿಸಿ ಸೊಂಟದ ಕಶೇರುವಿನಲ್ಲಿ ಬೀಳುವ ಬಿರುಕು.

ಅಮೆರಿಕದಲ್ಲಿ ಈ ಕ್ರೀಡೆಗೆ ಇನ್ನೊಂದು ಮುಖವಿದೆ, ಅದು ಕಾಲೇಜು ಜಿಮ್ನಾಸ್ಟಿಕ್ಸ್. ಒಲಿಂಪಿಕ್ ಮಟ್ಟದವರು ವಾರಕ್ಕೆ 30 ಗಂಟೆಗೂ ಮೀರಿ ಅಭ್ಯಾಸ ಮಾಡುವುದು ಸಾಮಾನ್ಯ. ಕಾಲೇಜು ಕ್ರೀಡಾ ಸಂಸ್ಥೆಯ ನಿಯಮದಲ್ಲಿ ಸ್ಪರ್ಧಾ ಋತುವಿನ ಮಿತಿ 20 ಗಂಟೆ. ಅಂತರರಾಷ್ಟ್ರೀಯ ಒಕ್ಕೂಟ 2006ರಲ್ಲಿ ಕೈಬಿಟ್ಟ 10 ಅಂಕದ ಪದ್ಧತಿಯೇ ಅಲ್ಲಿ ಉಳಿದಿದೆ. ಆದ್ದರಿಂದ ಕಠಿಣ ಕಸರತ್ತಿನ ಮೇಲೆ ಕಠಿಣ ಕಸರತ್ತು ಪೇರಿಸುವ ಒತ್ತಡ ಕಡಿಮೆ. 2013ರಲ್ಲಿ ಅಮೆರಿಕನ್ ಕಪ್‌ನಲ್ಲಿ ಸಿಮೋನ್ ಬೈಲ್ಸ್‌ಳನ್ನೇ ಸೋಲಿಸಿದ್ದ ಕೇಟಲಿನ್ ಒಹಾಶಿ ಬೆನ್ನು, ಭುಜದ ಗಾಯಗಳಿಂದ ನಲುಗಿದವಳು, ಮೈಕಟ್ಟಿನ ಬಗ್ಗೆ ಚುಚ್ಚುಮಾತು ಕೇಳಿದವಳು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಕ್ಕೆ ಆಡುತ್ತ 2019ರ ಜನವರಿಯಲ್ಲಿ ಅವಳು ನೆಲದ ಮೇಲಿನ ಪ್ರದರ್ಶನಕ್ಕೆ ಪೂರ್ತಿ 10 ಪಡೆದಾಗ ಜಗತ್ತೇ ನೋಡಿತು. ಕಾಲೇಜು ಆಟವನ್ನು ಎರಡನೇ ದರ್ಜೆಯದೆಂದು ಮೂಗು ಮುರಿಯುವವರಿದ್ದಾರೆ. ಆರೋಗ್ಯದ ಲೆಕ್ಕದಲ್ಲಿ ನನಗೆ ಅದೇ ಮೊದಲ ದರ್ಜೆ.

ಎಳೆಯ ಮೈ ಇಲ್ಲದೆ ಪದಕವಿಲ್ಲ ಎಂಬ ವಾದವೂ ಈಗ ನಿಲ್ಲುವುದಿಲ್ಲ. ಬೈಲ್ಸ್ 2024ರಲ್ಲಿ ಪ್ಯಾರಿಸ್‌ನಲ್ಲಿ ಸಮಗ್ರ ಚಿನ್ನ ಗೆದ್ದದ್ದು 27ನೇ ವಯಸ್ಸಿನಲ್ಲಿ.

ಹಾಗೆಂದು ಕಾಲೇಜು ಎಂದರೆ ಸುರಕ್ಷಿತ ಎಂದು ತಿಳಿಯಬೇಡಿ. ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ನೌಕರನೂ ಆಗಿದ್ದ. ಚಿಕಿತ್ಸೆಯ ಹೆಸರಿನಲ್ಲಿ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಕ್ಕೆ 2018ರಲ್ಲಿ ಅವನಿಗೆ 40ರಿಂದ 175 ವರ್ಷಗಳ ಶಿಕ್ಷೆಯಾಯಿತು. ಕೆಲವು ಸಲ ತಂದೆತಾಯಿ ಅದೇ ಕೋಣೆಯಲ್ಲಿದ್ದರು, ಅವರಿಗೆ ಕಾಣದಂತೆ ಅವನು ಅಡ್ಡ ನಿಲ್ಲುತ್ತಿದ್ದ. ಕೆಲವರು ಹೇಳಿಕೊಂಡಾಗ, ಅದು ಚಿಕಿತ್ಸೆಯೇ ಎಂಬ ಉತ್ತರ ಬಂದಿತ್ತು. ನೋವನ್ನು ನುಂಗಿಕೊಳ್ಳುವುದೇ ಶಿಸ್ತು ಎಂದು ಕಲಿತ ಮಕ್ಕಳು ಬಾಯಿಬಿಡುವುದು ಸುಲಭವಲ್ಲ. ಆಟಗಾರ್ತಿಯ ವೈದ್ಯರು ತರಬೇತುದಾರರಿಗೂ ಪದಕಕ್ಕೂ ಋಣಿಯಾಗಿರಬಾರದು ಎಂಬುದು ಇದಕ್ಕೇ.

2023ರಲ್ಲಿ ಫ್ಲಾರಿಡಾದ ಶಾಲಾ ಕ್ರೀಡಾ ಸಂಸ್ಥೆ, ಆಟಗಾರ್ತಿಯರು ಶಾಲೆಗೆ ಕೊಡಬೇಕಾದ ಆರೋಗ್ಯ ಪತ್ರದಿಂದ ಮುಟ್ಟಿನ ಪ್ರಶ್ನೆಗಳನ್ನು ತೆಗೆದುಹಾಕಿತು. ಖಾಸಗಿ ವಿಷಯ ಶಾಲೆಯ ಕಡತಕ್ಕೇಕೆ ಎಂದು ಪೋಷಕರು ಕೇಳಿದ್ದರು. ಅವರು ಕೇಳಿದ್ದು ಸರಿ. ಆದರೆ ವೈದ್ಯರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಪ್ರಶ್ನೆಯನ್ನು ಕೇಳಲೇಬೇಕು. ಮೂರು ತಿಂಗಳಿಂದ ಮುಟ್ಟಾಗಿಲ್ಲ ಎಂದು ಹುಡುಗಿ ಹೇಳಿದರೆ ಮುಂದಿನ ಪ್ರಶ್ನೆ, ನಿನ್ನೆ ಬೆಳಗಿನಿಂದ ಏನೇನು ತಿಂದೆ ಎಂಬುದು.