‘ಯೂಸ್ಡ್ ಟು’ ಮತ್ತು ನಮ್ಮ ‘ಹೋಗಾಂವ’

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮಕ್ಕಳಿಗೆ ಇಂಗ್ಲಿಷು ಹತ್ತದಿರುವುದಕ್ಕೆ ಅವರ ತಾಯ್ನುಡಿಯೇ ಕಾರಣವೆನ್ನುವ ಪಂಡಿತರಿಗೆ ಬರವಿಲ್ಲ. ‘ಕನ್ನಡದಲ್ಲಿ ಯೋಚಿಸಬೇಡಿರಿ’ ಎಂಬುದೇ ಅವರ ಮೊದಲ ಉಪದೇಶ. ಇದು ಶುದ್ಧ ಅವಿವೇಕ. ಒಂದೇ ಒಂದು ವ್ಯಾಕರಣಾಂಶವನ್ನು ಹಿಡಿದು ತೋರಿಸುತ್ತೇನೆ.

‘ಅಜ್ಜನು ದಿನಾಲು ಹೊಲಕ್ಕೆ ಹೋಗುತ್ತಿದ್ದನು’ ಎಂಬುದನ್ನು ಹುಡುಗನು ‘ವಾಸ್ ಗೋಯಿಂಗ್’ ಎಂದು ಬರೆಯುತ್ತಾನೆ. ಕೆಂಪು ಗೆರೆ ಬೀಳುತ್ತದೆ. ಏಕೆಂದು ಯಾರೂ ಹೇಳುವುದಿಲ್ಲ. ಗ್ರಂಥಸ್ಥ ಕನ್ನಡದ ‘ಹೋಗುತ್ತಿದ್ದನು’ ಎರಡು ಕೆಲಸ ಮಾಡುವ ರೂಪ. ನಾನು ಕಂಡಾಗ ಅಜ್ಜನು ಹಾದಿಯಲ್ಲಿದ್ದನು ಎಂಬುದಕ್ಕೂ ಅದೇ, ವರ್ಷಗಟ್ಟಲೆ ಹೋಗುವ ರೂಢಿಯಿತ್ತು ಎಂಬುದಕ್ಕೂ ಅದೇ. ಇಂಗ್ಲಿಷು ಇವನ್ನು ಬೇರ್ಪಡಿಸುತ್ತದೆ: ಮೊದಲನೆಯದು ‘ವಾಸ್ ಗೋಯಿಂಗ್’, ಎರಡನೆಯದು ‘ಯೂಸ್ಡ್ ಟು ಗೋ’ ಅಥವಾ ‘ವುಡ್ ಗೋ’. (ಬರಿಯ ‘ವೆಂಟ್’ ಬರೆದು ‘ಎವ್ರಿ ಡೇ’ ಸೇರಿಸಿದರೂ ನಡೆಯುತ್ತದೆ. ಗೈಡು ಬರೆಯುವವರಿಗೆ ಇದನ್ನು ತಿಳಿಸಲು ಪುರಸೊತ್ತಿಲ್ಲ.)

ಅದೇ ಹುಡುಗನು ಮನೆಯಲ್ಲಿ ಏನನ್ನುತ್ತಾನೆ? ‘ಆಗ ನಮ್ಮಜ್ಜ ದಿನಾ ಹೊಲಕ್ಕ ಹೋಗಾಂವ.’ ಇಲ್ಲಿ ಗೊಂದಲವೇ ಇಲ್ಲ. ಆ ಕ್ಷಣ ಹಾದಿಯಲ್ಲಿದ್ದ ಅಜ್ಜನಿಗೆ ಈ ರೂಪವು ಒಗ್ಗುವುದಿಲ್ಲ, ರೂಢಿಗೆ ಮಾತ್ರ ಒಗ್ಗುತ್ತದೆ. ಇನ್ನೂ ಸ್ವಾರಸ್ಯವೊಂದಿದೆ. ‘ಹೋಗಾಂವ’ ಎಂದರೆ ‘ಹೋಗುವವನು’. ‘ನಾಳೆ ಹೋಗಾಂವ’ ಎಂದೂ ಅನ್ನುತ್ತೇವೆ. ಇಂಗ್ಲಿಷಿನ ‘ವುಡ್’ ಆದರೂ ‘ವಿಲ್’ ಎಂಬುದರ ಭೂತರೂಪವೇ. ಮುಂದಾಗುವುದನ್ನು ಹೇಳುವ ಸಾಮಗ್ರಿಯಿಂದಲೇ ಎರಡು ನುಡಿಗಳೂ ಹಿಂದಿನ ರೂಢಿಯನ್ನು ಕಟ್ಟಿಕೊಂಡಿವೆ! ಕೈಯಲ್ಲಿ ಇಂಥ ಕೀಲಿಕೈ ಹಿಡಿದು ಬರುವ ಮಗುವಿಗೆ ‘ಹಳ್ಳಿಮಾತು ಬಿಡು’ ಎಂದು ಗದರಿಸುತ್ತೇವೆ.

ಸ್ಥಿತಿವಾಚಕಗಳದೂ ಇದೇ ಕಥೆ. ‘ಸವಣೂರು ಮೊದಲು ನವಾಬರ ರಾಜಧಾನಿಯಾಗಿತ್ತು’ ಎನ್ನುತ್ತೇವೆಯೇ ಹೊರತು ‘ರಾಜಧಾನಿಯಾಗುತ್ತಿತ್ತು’ ಎನ್ನುವುದಿಲ್ಲ. 1948ರಲ್ಲಿ ಆ ಸಂಸ್ಥಾನವು ವಿಲೀನವಾಗುವವರೆಗೆ ಅದು ನಿಂತ ಸ್ಥಿತಿ, ಮರಮರಳಿ ನಡೆದ ಕ್ರಿಯೆಯಲ್ಲ. ಹಿರೇಕೆರೂರು ಧಾರವಾಡ ಜಿಲ್ಲೆಯಲ್ಲಿತ್ತು, 1997ರಲ್ಲಿ ಹಾವೇರಿಗೆ ಸೇರಿತು, ಅದೂ ಸ್ಥಿತಿಯೇ. ಇಂಥಲ್ಲಿ ಇಂಗ್ಲಿಷು ಕೂಡ ‘ವುಡ್ ಬಿ’ ಎಂಬುದನ್ನು ಒಪ್ಪದು, ‘ಯೂಸ್ಡ್ ಟು ಬಿ’ ಎಂದೇ ಆಗಬೇಕು. ‘ಇತ್ತು’, ‘ಇರುತ್ತಿತ್ತು’ ಇವುಗಳ ಭೇದವನ್ನು ಬಲ್ಲ ಮಗುವಿಗೆ ಇದನ್ನು ತಿಳಿಸಲು ಹತ್ತು ನಿಮಿಷ ಸಾಕು.

2007-08ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬಂದಿದೆ. ವರ್ಷಗಳನ್ನು ಹೆಚ್ಚಿಸಿದೆವು, ಕಲಿಸುವ ಕ್ರಮವನ್ನು ಮುಟ್ಟಲಿಲ್ಲ. ಇಂದಿನ ರೂಢಿಗೂ ‘ಐ ಯೂಸ್ ಟು ಗೋ’ ಎಂದು ಬರೆಯುವ ಪದವೀಧರರನ್ನು ಯಾವ ಕಚೇರಿಯಲ್ಲಿ ಬೇಕಾದರೂ ನೋಡಬಹುದು. ಅವರು ಕನ್ನಡದಲ್ಲಿ ಯೋಚಿಸಿ ಕೆಟ್ಟವರಲ್ಲ, ಸೂತ್ರವನ್ನು ಅರೆಬರೆ ಉರುಹೊಡೆದು ಕೆಟ್ಟವರು. ವ್ಯಾಕರಣದ ತಾಸಿನಲ್ಲಿ ಮೊದಲು ಕೇಳಬೇಕಾದದ್ದು, ‘ಇದಕ್ಕ ಮನ್ಯಾಗ ಏನಂತೀರಿ?’ ಎಂಬ ಪ್ರಶ್ನೆ. ಫಳಿಯ ಮೇಲೆ ‘ಹೋಗಾಂವ’, ‘ಬರಾಂವ’ ಬರೆಯಲು ನಾಚುವ ಮಾಸ್ತರರು ಬೇರೆ ವಿಷಯವನ್ನು ಕಲಿಸಲಿ.

‘ಐ ಆಮ್ ಯೂಸ್ಡ್ ಟು’ ಎಂಬುದರ ರಗಳೆ ಬೇರೆಯೇ ಇದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.