ಗೃಹಸ್ಥರಿಗೆ ನಾಲ್ಕು ಮಾತು: ಪಟ್ಟಿಯ ಅಡಿಯ ಗಾಯ

ಕಳೆದ ಸಂಚಿಕೆಯಲ್ಲಿ ರೋಗಿಯ ಪಥ್ಯದ ವಿಷಯವಾಗಿ ಬರೆದಿದ್ದೆನಷ್ಟೆ. ಅದನ್ನೋದಿದ ವಾಚಕರೊಬ್ಬರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲಿರುವವರು ಮಾಡಬೇಕಾದ ಕೆಲಸವೇನಾದರೂ ಉಂಟೆ, ಅಥವಾ ಸುಮ್ಮನೆ ಕುಳಿತಿರತಕ್ಕದ್ದೆ ಎಂದು ಕೇಳಿದ್ದಾರೆ. ಉಂಟು. ಅದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ ಆದಕಾರಣ, ಆ ತಪ್ಪನ್ನು ಮೊದಲು ಹೇಳಿಬಿಡುವುದು ನ್ಯಾಯ.

ಎರಡು ವರ್ಷಗಳ ಹಿಂದೆ ನನ್ನ ಅಣ್ಣನವರಿಗೆ ಉಬ್ಬಸವು ವಿಪರೀತವಾಗಿ, ನಗರದ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂಗುಬಾಯಿಗಳನ್ನು ಮುಚ್ಚುವ ಮಾಸ್ಕನ್ನು ಕಟ್ಟಿ, ಯಂತ್ರದ ಮೂಲಕ ಗಾಳಿಯನ್ನು ಒತ್ತಿ ಕೊಡುತ್ತಿದ್ದರು. ಮಾಸ್ಕಿನ ಅಂಚಿನಿಂದ ಗಾಳಿ ಸೋರುವ ಸದ್ದು ಕೇಳಿದಾಗಲೆಲ್ಲ ನಾನು ಗಾಬರಿಗೊಂಡು, ಪಟ್ಟಿಯನ್ನು ಇನ್ನಷ್ಟು ಬಿಗಿಯಬೇಕೆಂದು ಬೇಡುತ್ತಿದ್ದೆನು. ಅಣ್ಣನವರು ಎರಡು ಮೂರು ಸಲ ಮೂಗಿನ ಕಡೆಗೆ ಕೈಯೆತ್ತಿದರು. ಮಾಸ್ಕನ್ನು ಕಿತ್ತುಹಾಕುವರೆಂದು ಬಗೆದು, “ಸ್ವಲ್ಪ ಸಹಿಸಿಕೊಳ್ಳಿ ಅಣ್ಣಾ” ಎಂದು ನಾನೇ ಆ ಕೈಯನ್ನು ಹಿಡಿದು ಕೆಳಗಿಳಿಸಿದೆನು. ಮೂರನೆಯ ದಿನ ಹೊಸದಾಗಿ ಬಂದ ನರ್ಸಮ್ಮನವರು ಮಾಸ್ಕನ್ನು ಬಿಚ್ಚಿ ನೋಡಿದರು. ಮೂಗಿನ ದಿಂಡಿನ ಮೇಲೆ ಚರ್ಮವು ಕಪ್ಪಾಗಿ ಸುಲಿದಿದ್ದಿತು. ಗಾಯದ ಆಕಾರವು ಮಾಸ್ಕಿನ ಅಂಚಿನ ಆಕಾರವೇ ಆಗಿದ್ದಿತು.

“ಮೇಷ್ಟ್ರೇ, ಸ್ವಲ್ಪ ಗಾಳಿ ಸೋರಿದರೆ ಯಂತ್ರವೇ ಸರಿಮಾಡಿಕೊಳ್ಳುತ್ತದೆ. ಅಳತೆ ಸರಿಯಾಗಿದ್ದರೆ ಇಷ್ಟು ಬಿಗಿಯಬೇಕಾಗಿಲ್ಲ” ಎಂದು ಹೇಳಿ, ಅವರು ಬೇರೆ ಅಳತೆಯ ಮಾಸ್ಕನ್ನು ತರಿಸಿದರು. ಉಸಿರಾಟವು ಹತ್ತು ದಿನಗಳಲ್ಲಿ ಸುಧಾರಿಸಿತು; ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಹಾಸಿಗೆಹುಣ್ಣನ್ನು ಎಲ್ಲರೂ ಬಲ್ಲರು. ಅದು ದೇಹದ ಭಾರದಿಂದ ಸೊಂಟ, ಹಿಮ್ಮಡಿ ಮುಂತಾದ ಸ್ಥಳಗಳಲ್ಲಿ ಆಗುವುದು. ಇದೂ ಅದೇ ಜಾತಿಯದು. ಆದರೆ ಇಲ್ಲಿ ಒತ್ತುವುದು ಉಪಕರಣ. ಚರ್ಮದೊಳಗಿನ ಅತಿ ಸೂಕ್ಷ್ಮವಾದ ರಕ್ತನಾಳಗಳನ್ನು ಬಹಳ ಹೊತ್ತು ಅದುಮಿದರೆ, ರಕ್ತವು ಹರಿಯದೆ ಆ ಭಾಗವು ಸಾಯುತ್ತದೆ. ಮೂಗಿನ ದಿಂಡು, ಕಿವಿಯ ಹಿಂಭಾಗ ಇವುಗಳಲ್ಲಿ ಚರ್ಮದ ಕೆಳಗೆ ಕೊಬ್ಬಿನ ಮೆತ್ತೆಯಿಲ್ಲದಿರುವುದರಿಂದ ಅಪಾಯ ಹೆಚ್ಚು. ಬೆವರಿನ ತೇವವು ಚರ್ಮವನ್ನು ಇನ್ನೂ ದುರ್ಬಲಗೊಳಿಸುತ್ತದೆ. ಮೈ ಊದಿಕೊಂಡರಂತೂ ನಿನ್ನೆ ಸರಿಯಾಗಿದ್ದ ಪಟ್ಟಿಯು ಇಂದು ತಾನಾಗಿಯೇ ಬಿಗಿಯಾಗುತ್ತದೆ. ಮಾಸ್ಕು ಮಾತ್ರವಲ್ಲ; ಕಿವಿಯ ಮೇಲೆ ಹಾಯುವ ಆಕ್ಸಿಜನ್ ನಳಿಕೆ, ಮೂಗಿನಲ್ಲಿಳಿಸಿದ ಆಹಾರದ ನಳಿಕೆ, ಮೂತ್ರದ ನಳಿಕೆ, ಬೆರಳಿಗೆ ಕಚ್ಚಿಸಿದ ಕ್ಲಿಪ್ಪು, ಕತ್ತಿನ ಪಟ್ಟಿ, ಮುರಿದ ಕಾಲಿನ ಪ್ಲಾಸ್ಟರು ಇವೆಲ್ಲವೂ ಹೀಗೆ ಗಾಯಮಾಡಬಲ್ಲವು.

ಅಮೆರಿಕದಲ್ಲಿ ಇಂತಹ ಹುಣ್ಣುಗಳ ವಿಚಾರಕ್ಕೆಂದೇ ಇರುವ ತಜ್ಞರ ಸಲಹಾಮಂಡಲಿಯು 2016ರಲ್ಲಿ ‘ಒತ್ತಡದ ಹುಣ್ಣು’ ಎಂಬ ಹೆಸರನ್ನು ಬಿಟ್ಟು ‘ಒತ್ತಡದ ಗಾಯ’ ಎಂಬ ಹೆಸರನ್ನಿಟ್ಟುಕೊಂಡಿತು. ಚರ್ಮ ಒಡೆಯುವುದಕ್ಕೆ ಮುಂಚೆಯೇ ಹಾನಿಯು ಆರಂಭವಾಗಿರಬಹುದಷ್ಟೆ. ಉಪಕರಣಗಳಿಂದಾಗುವ ಗಾಯಕ್ಕೂ ಆಗಲೇ ಪ್ರತ್ಯೇಕ ಲಕ್ಷಣವನ್ನು ಹೇಳಿದರು. 2020ರ ಕೊರೋನಾ ಕಾಲದಲ್ಲಿ, ಇಡೀ ದಿನ ಬಿಗಿಯಾದ ಮಾಸ್ಕು ಕಟ್ಟಿಕೊಂಡು ದುಡಿದ ವೈದ್ಯರ ಮತ್ತು ನರ್ಸುಗಳ ಮುಖದ ಮೇಲೆಯೂ ಇಂತಹ ಗಾಯಗಳಾದುದನ್ನು ಲೋಕವೆಲ್ಲ ಕಂಡಿತು. ಗಟ್ಟಿಮುಟ್ಟಾದವರಿಗೇ ಹಾಗಾದರೆ ನಿತ್ರಾಣರ ಪಾಡೇನು?

ಕಟ್ಟಿನ ಬಿಗಿಯನ್ನು ಕುರಿತ ವಿವೇಕವು ನಮ್ಮವರಿಗೆ ಹೊಸದಲ್ಲ. ವ್ರಣಕ್ಕೆ ಕಟ್ಟುವ ಪಟ್ಟಿಯ ಬಿಗಿಯಲ್ಲಿ ಗಾಢ, ಸಮ, ಶಿಥಿಲ ಎಂಬ ಮೂರು ಭೇದಗಳನ್ನು ಸುಶ್ರುತಸಂಹಿತೆಯು ಹೇಳುತ್ತದೆ. ಕಣ್ಣಿಗೂ ಸಂಧಿಗಳಿಗೂ ಶಿಥಿಲವಾದ ಕಟ್ಟೇ ಆಗಬೇಕೆಂಬುದು ಅದರ ಮತ. ‘ಯಂತ್ರ’ವೆಂಬ ಶಬ್ದವೂ ಹಿಡಿದಿಡು, ತಡೆ ಎಂಬರ್ಥದ ‘ಯಮ್’ ಧಾತುವಿನಿಂದ ಬಂದುದು. ಮೂವತ್ತು ವರ್ಷ ಮಕ್ಕಳಿಗೆ ಧಾತುಗಳನ್ನು ಬಾಯಿಪಾಠ ಮಾಡಿಸಿದ ನನಗೆ, ಅಣ್ಣನ ಮುಖದ ಮುಂದೆ ಅದರ ಅರ್ಥವು ಹೊಳೆಯಲಿಲ್ಲ.

ಇನ್ನು ಗೃಹಸ್ಥರು ಮಾಡತಕ್ಕದ್ದನ್ನು ಹೇಳುತ್ತೇನೆ. ಉಪಕರಣವನ್ನು ತಾವಾಗಿ ಬಿಚ್ಚಕೂಡದು, ಸಡಿಲಿಸಲೂಕೂಡದು. ಅದರಿಂದ ಪ್ರಾಣಕ್ಕೇ ಅಪಾಯವಾದೀತು. ದಿನಕ್ಕೆ ಎರಡು ಬಾರಿಯಾದರೂ ಅದರ ಅಡಿಯ ಚರ್ಮವನ್ನು ನೋಡಬೇಕೆಂದು ನರ್ಸಮ್ಮನವರನ್ನು ವಿನಯದಿಂದ ಕೇಳಿರಿ. ಅನೇಕ ರೋಗಿಗಳ ನಡುವೆ ಓಡಾಡುವ ಅವರಿಗೆ ನಿಮ್ಮ ಕಣ್ಣು ಸಹಾಯವೇ ಹೊರತು ಉಪದ್ರವವಲ್ಲ. ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟಾಗ, ಒತ್ತಿದ ಕಡೆ ಕೆಂಪು ಬಣ್ಣವು ಕ್ಷಣಕಾಲವೂ ಮಾಸದಿದ್ದರೆ ಗಾಯವು ಆರಂಭವಾಗಿದೆಯೆಂದು ತಿಳಿಯತಕ್ಕದ್ದು. ನಮ್ಮಂತಹ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಆ ಸ್ಥಳವು ಸುತ್ತಲಿಗಿಂತ ಬಿಸಿಯಾಗಿದೆಯೆ, ತಣ್ಣಗಿದೆಯೆ, ಗಟ್ಟಿಯಾಗಿದೆಯೆ, ನೋಯುತ್ತಿದೆಯೆ ಎಂಬುದನ್ನು ವಿಚಾರಿಸಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ಹಾನಿ ಹೆಚ್ಚುತ್ತದೆ. ಮನೆಯ ಹತ್ತಿಬಟ್ಟೆಗಳನ್ನೂ ತುರುಕಬಾರದು. ಅದಕ್ಕೆಂದೇ ತೆಳುವಾದ ಮೆತ್ತನೆಯ ಪಟ್ಟಿಗಳು ಆಸ್ಪತ್ರೆಯಲ್ಲಿ ದೊರೆಯುತ್ತವೆ. ನಳಿಕೆಯ ಸ್ಥಾನವನ್ನು ಸ್ವಲ್ಪ ಬದಲಿಸಬಹುದೆ, ಬೇರೆ ಅಳತೆಯದು ಇದೆಯೆ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಅಣ್ಣನವರ ಮೂಗಿನ ಮೇಲೆ ಇಂದಿಗೂ ಒಂದು ಬಿಳಿಯ ಗೆರೆಯುಂಟು. ಅವರು ಆ ಮಾತನ್ನೆತ್ತುವುದಿಲ್ಲ. ಕನ್ನಡಕವನ್ನು ಮಾತ್ರ ಸ್ವಲ್ಪ ಕೆಳಗಿಟ್ಟುಕೊಂಡು ಪತ್ರಿಕೆಯನ್ನೋದುತ್ತಾರೆ. ಈ ಪುಟವನ್ನೂ ಓದುವರು. ವಾಚಕರೇ, ಮಾತನಾಡಲಾರದ ರೋಗಿಯು ಕೈಯೆತ್ತಿದರೆ, ಅದನ್ನು ಹಿಡಿದು ಕೆಳಗಿಳಿಸುವ ಮುನ್ನ ಎಲ್ಲಿ ನೋಯುತ್ತದೆಯೆಂದು ಒಮ್ಮೆ ಕೇಳಿರಿ.